ಎರಡು ಕ್ಲಿಕ್ ಹಿಂದೆ

ನಾಪೋಕ್ಲು ಗದ್ದೆಯಲ್ಲಿ ಕೂಳೆ ಇನ್ನೂ ಒದ್ದೆ.
ಏಳೂವರೆಯ ಬಿಸಿಲು ಬದು ದಾಟಿಲ್ಲ.
ಗೋಣಿತಾಟಿನ ಮೇಲೆ ವಿಮಾನ, ಅದರ ಬಾಲ
ಪಳಂಗಪ್ಪ ಮಾಸ್ಟ್ರ ಮೊಣಕಾಲುಗಳ ನಡುವೆ.

ಮೆಥನಾಲು ಮೈಸೂರಿನ ಲ್ಯಾಬ್ ಅಂಗಡಿಯದು,
ಹರಳೆಣ್ಣೆ ಗೋಣಿಕೊಪ್ಪದ್ದು. ನಾಲ್ಕಕ್ಕೆ ಒಂದು.
ಹಾರ್ಲಿಕ್ಸ್ ಶೀಸೆಯಲ್ಲಿ ಕುಲುಕಿ ಬೆಳಕಿಗೆ ಹಿಡಿದಾಗ
ಮಾಸ್ಟ್ರದು
ಜೇನಿಗೆ ಬೆಲ್ಲ ಬೆರೆಸಿದ್ದಾರೋ ಎಂದು ನೋಡುವವರ ಮುಖ.

ಎಂಜಿನ್ ಮಾರಿದ ಮಂಗಳೂರಿನವನು ಚೀಟಿ ಕೊಟ್ಟಿದ್ದ:
ಸೂಜಿ ಮೂರು ಸುತ್ತು ಬಿಚ್ಚಿ.
ಅದು ಸಮುದ್ರದ ದಪ್ಪ ಗಾಳಿಯ ಲೆಕ್ಕ, ಅಂದರು ಮಾಸ್ಟ್ರು,
ಘಟ್ಟ ಹತ್ತುವಷ್ಟರಲ್ಲಿ ಗಾಳಿಗೆ ಯಾರೋ ನೀರು ಬೆರೆಸುತ್ತಾರೆ.
ಎರಡೂವರೆ ಸಾಕು.

ಪ್ಲಗ್ಗಿಗೆ ಬ್ಯಾಟರಿ ಕಚ್ಚಿಸಿ
ರಬ್ಬರು ಸುತ್ತಿದ ಕೋಲಿನಿಂದ ತಟ್ಟಿದೆ ಪ್ರೊಪೆಲ್ಲರಿಗೆ.
ಒಮ್ಮೆ ಉಗುಳಿತು. ಇನ್ನೊಮ್ಮೆ ಉಗುಳಿತು.
ಮೂರನೆಯದಕ್ಕೆ ಹಿಡಿಯಿತು,
ಗೊರಗೊರ, ಗಂಟಲಲ್ಲಿ ಕಫ ಇಟ್ಟುಕೊಂಡೇ
ಮಾತಿಗೆ ಕೂತವರ ಹಾಗೆ.

ಮಾಸ್ಟ್ರಿಗೆ ಇದೊಂದೂ ಕೇಳುವುದಿಲ್ಲ.
ನಲವತ್ತು ವರ್ಷ ಎನ್‌ಸಿಸಿ ಹುಡುಗರ ಎಂಜಿನ್ನುಗಳಿಗೆ
ಕಿವಿ ಕೊಟ್ಟರು.
ಕೊಟ್ಟದ್ದು ವಾಪಸು ಬರಲಿಲ್ಲ.
ಈಗ ಬೆರಳ ಗೆಣ್ಣನ್ನು ರೆಕ್ಕೆಯ ಬುಡಕ್ಕೆ ಒತ್ತಿ
ಹಲಸು ಬಲಿತಿದೆಯೇ ಎಂದು ತಟ್ಟಿ ಕಾಯುವವರ ಹಾಗೆ
ಕಾಯುತ್ತಾರೆ.

ಒಳಗೆ ಒಂದು, ಅನ್ನುತ್ತಾರೆ. ಕಟಕ್.
ಇನ್ನೊಂದು. ಕಟಕ್.
ಗೊರಗೊರ ಸೋಸಿ ತಿಳಿಯಾಗುತ್ತದೆ, ಏರುತ್ತದೆ,
ಏರಿ ಒಂದೇ ಎಳೆಯಾಗಿ ನಿಲ್ಲುತ್ತದೆ.
ಇದೇ! ಅನ್ನುತ್ತದೆ ನನ್ನ ಕಿವಿ.
ಹಿಂದೆ ಎರಡು, ಅನ್ನುತ್ತದೆ ಅವರ ಗೆಣ್ಣು.

ನನಗೆ ಪ್ರತಿ ಸಲ ಸಿಟ್ಟು.
ಅಷ್ಟು ಚೆಂದದ ಸ್ವರಕ್ಕೆ ಕೈಯಾರೆ ನೆಗಡಿ ಹಿಡಿಸುವುದು.

ಹೋದ ಭಾನುವಾರ ಅವರು ಗೋಣಿ ಮಡಿಸಲು ಬಗ್ಗಿದಾಗ
ಆ ಎರಡು ಕ್ಲಿಕ್ ನಾನು ಕದ್ದೆ.

ಎದ್ದಿತು. ಕೂಳೆ, ಬದು, ತೋಡು, ಬೆಳ್ಳಕ್ಕಿಗಳ ಸಾಲು,
ಎಲ್ಲದರ ಮೇಲೆ ಸೂಜಿಯ ಮೊನೆಯಂಥ ದನಿ.
ಹೊಗೆ ಎಲ್ಲಿ? ಮಾಸ್ಟ್ರು ಹಣೆಗೆ ಕೈ ಅಡ್ಡ ಹಿಡಿದಿದ್ದರು.
ಹಾಡ್ತಾ ಇದೆ ಮಾಸ್ಟ್ರೇ! ಕೂಗಿದೆ.
ಹೊಗೆ ಎಲ್ಲಿ, ಕುಂಞಿ?

ಆಮೇಲೆ ಬಂದ ಮೌನ
ನಮ್ಮಿಬ್ಬರಿಗೂ ಒಂದೇ ಸಮ ಕೇಳಿಸಿತು.

ರಿಮೋಟಿನ ಕಡ್ಡಿ ಎಷ್ಟು ಎಳೆದರೂ ತೋಡಿನಾಚೆಗೇ ಜಾರಿ
ಸಿಲ್ವರ್ ಓಕಿನ ಮೇಲೆ, ಮೆಣಸಿನ ಬಳ್ಳಿಯೊಳಗೆ
ಕೂತುಬಿಟ್ಟಿತು.
ಅಲ್ಲೇ ಏಣಿಯ ಮೇಲಿದ್ದ ಸೆಲ್ವಂ
ಸೊಂಟದ ಚೀಲಕ್ಕೆ ಮೆಣಸಿನ ಗೊನೆಗಳ ಜೊತೆ
ಅದನ್ನೂ ಕೊಯ್ದುಕೊಂಡು ಇಳಿದ.
ಎಂಜಿನ್ ಮುಟ್ಟಿ ಕೈ ಕೊಡವಿದ: ಇದಕ್ಕೆ ಜ್ವರ ಇದೆ.

ಮಾಸ್ಟ್ರು ಬೈಯಲಿಲ್ಲ.
ರೆಕ್ಕೆಯ ಸೀಳಿಗೆ ಅಂಟು ಹಚ್ಚುತ್ತ
ಸೂಜಿಯ ಸುತ್ತುಗಳನ್ನು ಎಣಿಸಿದರು, ಮುಚ್ಚುತ್ತ,
ಲೆಕ್ಕ ಸಿಕ್ಕಿತು, ನನ್ನ ಮುಖ ನೋಡಲಿಲ್ಲ.

ಇವತ್ತು ಎಂಜಿನ್ ಹಚ್ಚುವ ಮೊದಲು
ಗದ್ದೆಯಲ್ಲಿ ಸಣ್ಣಗೆ ಕುಂಯ್ ಎನ್ನುವ ದನಿ.
ಜೀರುಂಡೆಯೇ, ಫ್ಯೂಯೆಲ್ ಟ್ಯೂಬಿನ ಸೋರಿಕೆಯೇ,
ಹುಡುಕಿ ಹುಡುಕಿ ಕೊನೆಗೆ
ಮಾಸ್ಟ್ರ ಎಡಗಿವಿಯ ಹಿಂದೆ ಸಿಕ್ಕಿತು.
ಹೊಸ ಯಂತ್ರ. ಮಗಳು ಮಡಿಕೇರಿಯಲ್ಲಿ ಹಾಕಿಸಿದ್ದಂತೆ.
ಪೂರ್ತಿ ತಿರುಗಿಸಿಟ್ಟಿದ್ದಾರೆ,
ಅದು ಕಿರುಚುವುದು ಅವರೊಬ್ಬರಿಗೆ ಗೊತ್ತಿಲ್ಲ.

ಕೈ ಚಾಚಿ ಆ ಕಡಲೆಬೇಳೆಯಷ್ಟು ಗಾಲಿಯನ್ನು
ಹಿಂದಕ್ಕೆ ತಿರುಗಿಸಿದೆ.
ನಿಂತಿತು.

ಎಷ್ಟು? ಕೇಳಿದರು.
ಬೆರಳು ತೋರಿಸಿದೆ.
ಹ್ಞೂಂ, ಅಂದು ವಿಮಾನದ ಬಾಲ ಹಿಡಿದು ಕೂತರು.

ಹತ್ತು ನಿಮಿಷ ಹಾರಿಸಿದೆ, ಹೊಗೆ ನೋಡಿಕೊಂಡು.
ಬೆಳ್ಳನೆ ನೂಲು, ಎಲ್ಲೂ ಕಡಿಯಲಿಲ್ಲ.

ರಾತ್ರಿ ಅಕ್ಕಿಒಟ್ಟಿ ಮುರಿಯುವಾಗ
ಎರಡು ಸಲ ಸೋಪು ಹಾಕಿದ ಕೈಯಲ್ಲಿ ಅದೇ ವಾಸನೆ.
ಅವ್ವ ಮೂಸಿ ಕೇಳಿದಳು:
ಹರಳೆಣ್ಣೆ ಯಾರು ಕುಡಿದದ್ದು?
ಹೊಟ್ಟೆ ಕೆಟ್ಟಿರುವುದು ನಿನ್ನದೋ, ಮಾಸ್ಟ್ರದೋ?